ಟಿವಿಯ ಬೆನ್ನ ಹಿಂದೆ

ಹಳೇ ಟಿವಿಗಳ ಬೆನ್ನಿನ ಮೇಲೆ ಒಂದು ತ್ರಿಕೋನ, ತ್ರಿಕೋನದೊಳಗೆ ಒಂದು ಮಿಂಚು, ಅದರ ಕೆಳಗೆ ಎರಡು ಸಾಲು ಇಂಗ್ಲಿಷು ಇರುತ್ತಿತ್ತು. ಒಳಗೆ ಭಾರೀ ವೋಲ್ಟೇಜ್ ಇದೆ, ಬಿಚ್ಚಬೇಡಿ, ಅರ್ಹರಾದವರನ್ನು ಕರೆಸಿ ಎಂಬುದು ಅದರ ತಾತ್ಪರ್ಯ. ಬರೆದವರ ಉದ್ದೇಶವೇನೋ ಒಳ್ಳೆಯದೇ. ಆದರೆ ನಮ್ಮ ಕಡೆ ಟಿವಿಯನ್ನು ನಡುಮನೆಯ ಮೂಲೆಯಲ್ಲಿ, ಬೆನ್ನು ಗೋಡೆಗೆ ತಾಗುವ ಹಾಗೆ ಇಡುತ್ತಿದ್ದರಿಂದ ಆ ಎಚ್ಚರಿಕೆಯನ್ನು ಓದುವ ಭಾಗ್ಯ ಗೋಡೆಯ ಹಲ್ಲಿಗೆ ಮಾತ್ರ ಇತ್ತು. ಹಲ್ಲಿ ಓದಿಯೂ ಲೆಕ್ಕಿಸದೆ ಗಾಳಿಕಂಡಿಯೊಳಗೆ ನುಗ್ಗುತ್ತಿತ್ತು ಎಂಬುದಕ್ಕೆ, ಬಿಚ್ಚಿದ ಟಿವಿಗಳೊಳಗೆ ಸುಟ್ಟು ಕರಕಲಾದ ಹಲ್ಲಿಗಳನ್ನು ಬ್ರಷ್ಷಿನಿಂದ ಗುಡಿಸಿದ ನಾನೇ ಸಾಕ್ಷಿ. ಇನ್ನು ಅರ್ಹರಾದವರು ಎಂದರೆ ತಾಲ್ಲೂಕಿಗೆ ಒಬ್ಬರೋ ಇಬ್ಬರೋ. ನಮ್ಮ ತಾಲ್ಲೂಕಿನ ಮಟ್ಟಿಗೆ ಅದು ನನ್ನ ಚಿಕ್ಕಪ್ಪ.

ಚಿಕ್ಕಪ್ಪ ರೇಡಿಯೊ ರಿಪೇರಿಯಿಂದ ಶುರುಮಾಡಿದವರು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅದು ನಮ್ಮ ಮಲೆನಾಡಿನ ಗುಡ್ಡಗಳನ್ನು ಹತ್ತಿಳಿದು ಬರುವುದು ಸುಲಭವಿರಲಿಲ್ಲ. ಎಂಬತ್ತರ ದಶಕದ ನಡುವೆ ಊರೂರಿಗೆ ಸಣ್ಣ ಶಕ್ತಿಯ ಟ್ರಾನ್ಸ್‌ಮಿಟರ್‌ಗಳು ಬಂದವು, ಅಡಿಕೆ ಮರದ ತುದಿಗೆ ಆಂಟೆನಾ ಹತ್ತಿತು, ಡಯನೋರಾ, ಸಾಲಿಡೇರ್, ಕೆಲ್ಟ್ರಾನ್, ಇ.ಸಿ. ಎಂಬ ಹೆಸರುಗಳು ನೆಂಟರ ಹೆಸರಿನಷ್ಟೇ ಸಲೀಸಾಗಿ ಬಾಯಿಗೆ ಬರತೊಡಗಿದವು. ಕಪ್ಪು-ಬಿಳುಪು ಸೆಟ್ಟುಗಳ ಪಿಕ್ಚರ್ ಟ್ಯೂಬನ್ನು ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲೂ ಮಾಡುತ್ತಿದ್ದರು. ಟ್ಯೂಬಿನ ಮೇಲೆ ಆ ಮೂರು ಅಕ್ಷರ ಕಂಡರೆ ಚಿಕ್ಕಪ್ಪ, ‘ನಮ್ಮದೇ’ ಎಂದು ಪ್ರೀತಿಯಿಂದ ಒರೆಸುತ್ತಿದ್ದರು.

ಯಾರಾದರೂ ಮನೆಗೆ ಕರೆಸಿದರೆ ಚಿಕ್ಕಪ್ಪ ಮೊದಲು ಕೇಳುತ್ತಿದ್ದದ್ದು ಮಣೆ. ಚಪ್ಪಲಿಯನ್ನು ಜಗಲಿಯಲ್ಲೇ ಬಿಡಬೇಕು; ಮಳೆಗಾಲದಲ್ಲಿ ಒಳಗಿನ ಕಾವಿ ನೆಲ ಬೆವರುತ್ತಿರುತ್ತದೆ; ಬರಿಗಾಲಲ್ಲಿ ಆ ನೆಲದ ಮೇಲೆ ನಿಂತು ಟಿವಿಯೊಳಗೆ ಕೈ ಹಾಕಿದರೆ ಕರೆಂಟಿಗೆ ಕೈಯಿಂದ ಕಾಲಿಗೆ, ಕಾಲಿನಿಂದ ಭೂಮಿಗೆ ರಾಜಮಾರ್ಗ ಸಿಕ್ಕ ಹಾಗೆ. ಅದಕ್ಕೇ ಒಣ ಮರದ ಮಣೆ. ಈ ಶಾಸ್ತ್ರ ಮನೆಯವರಿಗೆ ಹೇಗೆ ಗೊತ್ತಾಗಬೇಕು? “ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಾಗ್ತದೆ, ಅಲ್ಲೀವರೆಗೆ ಕಾಫಿ ಕುಡೀರಿ” ಎಂದು ಒಬ್ಬರು ಪಾಪ ಗಡಿಬಿಡಿಗೊಂಡಿದ್ದರು. “ಊಟಕ್ಕಲ್ಲ ಅಕ್ಕ, ಟಿವಿಗೆ” ಎಂದರು ಚಿಕ್ಕಪ್ಪ. ಆಕೆ ಒಳಗೆ ಹೋಗಿ ಮದುವೆಯಲ್ಲಿ ಕೊಟ್ಟ, ನಾಲ್ಕು ಮೂಲೆಗೂ ಬೆಳ್ಳಿ ಹೂವು ಬಡಿದ ಮಣೆಯನ್ನೇ ತಂದರು. ಚಿಕ್ಕಪ್ಪ ಅದನ್ನು ಮರ್ಯಾದೆಯಿಂದ ವಾಪಸು ಕಳಿಸಿ, ತರಕಾರಿ ಹೆಚ್ಚುವಾಗ ಕೂರುವ ಹಳೆಯ ಹಲಸಿನ ಮಣೆ ತರಿಸಿಕೊಂಡರು. ಕಾಫಿಯನ್ನು ಸೆಟ್ಟು ಮುಚ್ಚಿದ ಮೇಲೇ ಕುಡಿಯುವುದು. ತೆರೆದ ಟಿವಿಯ ಹತ್ತಿರ ಲೋಟ, ಚೊಂಬು, ಒದ್ದೆ ಕೈ ಯಾವುದೂ ಸುಳಿಯಕೂಡದು.

ನಮ್ಮ ಅಜ್ಜಿ ಮಡಿಯಲ್ಲಿದ್ದಾಗ ನಡೆದುಕೊಳ್ಳುತ್ತಿದ್ದ ರೀತಿಗೂ ಇದಕ್ಕೂ ಏನೇನೂ ವ್ಯತ್ಯಾಸ ಇರಲಿಲ್ಲ. ಮಣೆ, ಒಣಗಿದ ಬಟ್ಟೆ, ‘ಹತ್ತಿರ ಬರಬೇಡ, ಮುಟ್ಟಬೇಡ’ ಎಂಬ ಗದರಿಕೆ, ಮುಟ್ಟಿದರೆ ಏನಾಗುತ್ತದೆಂದು ಕೇಳಿದರೆ ಇನ್ನೊಂದು ಗದರಿಕೆ. ಅಜ್ಜಿಯ ಮಡಿಗೆ ಕಾರಣ ಕೊನೆಗೂ ಸಿಗಲಿಲ್ಲ. ಚಿಕ್ಕಪ್ಪನ ಮಡಿಗೆ ಕಾರಣ ಇತ್ತು, ಆದರೆ ಅವರು ಹೇಳುತ್ತಿರಲಿಲ್ಲ. ಕಾರಣ ಹೇಳಿದರೆ ಹುಡುಗರು ವಾದಕ್ಕೆ ಇಳಿಯುತ್ತಾರೆ, ವಾದದಲ್ಲಿ ಗೆದ್ದವನು ಮುಟ್ಟಿಯೇ ಮುಟ್ಟುತ್ತಾನೆ ಎಂಬುದು ಅವರ ನಂಬಿಕೆ. ಮೊದಲು ಅಭ್ಯಾಸವಾಗಲಿ, ವಿಜ್ಞಾನ ಆಮೇಲೆ ಎನ್ನುತ್ತಿದ್ದರು. ಶಿಕ್ಷಣ ತಜ್ಞರು ಒಪ್ಪಲಿಕ್ಕಿಲ್ಲ. ಆದರೆ ಅವರ ಕೈಕೆಳಗೆ ಕಲಿತವರೆಲ್ಲ ಇವತ್ತಿಗೂ ಹತ್ತೂ ಬೆರಳಿನವರಾಗಿ ಓಡಾಡಿಕೊಂಡಿದ್ದಾರೆ.

ಆ ಮಡಿಯ ಮುಖ್ಯ ಅಂಗ ಎಡಗೈ. ಚಾಲೂ ಇರುವ ಸೆಟ್ಟಿನಲ್ಲಿ ಏನನ್ನಾದರೂ ಅಳೆಯಬೇಕಾದರೆ ಒಂದೇ ಕೈ. ಎಡಗೈ ಪ್ಯಾಂಟಿನ ಜೇಬಿನಲ್ಲಿ. ಎರಡೂ ಕೈ ಒಳಗಿದ್ದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯನ್ನು ಹಾದು ಹೋಗುತ್ತದೆ, ದಾರಿಯಲ್ಲಿ ಹೃದಯ ಸಿಗುತ್ತದೆ. ಹಾಗಾಗಿ ಮೀಟರಿನ ಕಪ್ಪು ವೈರಿಗೆ ಕ್ಲಿಪ್ಪು ಹಾಕಿ ಮೊದಲೇ ಸಿಕ್ಕಿಸಿಬಿಡುವುದು, ಕೆಂಪು ವೈರಿನ ಕಡ್ಡಿಯನ್ನು ಬಲಗೈಯಲ್ಲಿ ಹಿಡಿಯುವುದು. ಪಂಚೆ ಉಟ್ಟ ದಿನ ಚಿಕ್ಕಪ್ಪನಿಗೆ ಜೇಬಿನ ತೊಂದರೆ. ಆಗ ಎಡಗೈ ಬೆನ್ನ ಹಿಂದೆ. ಉಂಗುರ, ಸ್ಟೀಲ್ ಪಟ್ಟಿಯ ವಾಚು ಮೊದಲೇ ಬಿಚ್ಚಿಡಬೇಕು. ಇನ್ನೊಂದು ಅಪಾಯ ಯಾವ ಪುಸ್ತಕದಲ್ಲೂ ಬರೆದಿಲ್ಲ: ಜನಿವಾರಕ್ಕೆ ಕಟ್ಟಿಕೊಂಡ ಬೀಗದ ಕೈ. ಬಗ್ಗಿ ನೋಡುವವನ ಅಂಗಿಯ ಸಂದಿನಿಂದ ಹಿತ್ತಾಳೆ ಕೀ ಜಾರಿ ಸೀದಾ ಬೋರ್ಡಿನ ಮೇಲೆ ತೂಗಾಡುತ್ತದೆ. ನೋಡಲು ಬಂದ ಹಿರಿಯರೊಬ್ಬರಿಗೆ ಚಿಕ್ಕಪ್ಪ, “ಭಟ್ಟರೇ, ನಿಮ್ಮ ತಿಜೋರಿ ಕೀಲಿ ನನ್ನ ತಿಜೋರಿಗೆ ಹಾಕಬೇಡಿ” ಎಂದದ್ದು ಊರಲ್ಲೆಲ್ಲ ಸುತ್ತಾಡಿತು.

ಬೋರ್ಡಿನ ಮೇಲೆ ಬಿದ್ದರೆ ಏನು, ಅದಕ್ಕೆ ಅರ್ತ್ ಇಲ್ಲವೇ ಎಂದು ಕೇಳಬಹುದು. ಹಳೇ ಸೆಟ್ಟುಗಳ ದೊಡ್ಡ ಕಪಟ ಇಲ್ಲೇ ಇರುವುದು. ಖರ್ಚು ಉಳಿಸಲು ಅನೇಕ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಡದೆ ಮೇನ್ಸಿನ ಒಂದು ವೈರನ್ನು ನೇರವಾಗಿ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಸೇರಿಸಿರುತ್ತಿದ್ದರು. ಪ್ಲಗ್ಗಿಗೆ ಎರಡೇ ಕಾಲು. ಒಂದು ಕಡೆಯಿಂದ ಸಿಕ್ಕಿಸಿದರೆ ಚಾಸಿ ನ್ಯೂಟ್ರಲ್, ತಿರುಗಿಸಿ ಸಿಕ್ಕಿಸಿದರೆ ಚಾಸಿಯಲ್ಲೇ 230 ವೋಲ್ಟು. ಚಾನೆಲ್ ತಿರುಗಿಸುವ ನಾಬು ಮುರಿದುಹೋಗಿ, ಕಟಿಂಗ್ ಪ್ಲೇಯರಿನಲ್ಲಿ ಕಡ್ಡಿ ಹಿಡಿದು ತಿರುಗಿಸುತ್ತಿದ್ದ ಮನೆಗಳು ಎಷ್ಟಿರಲಿಲ್ಲ! ಕೆಲವು ಸೆಟ್ಟುಗಳಲ್ಲಿ ಆ ಕಬ್ಬಿಣದ ಕಡ್ಡಿಗೂ ಚಾಸಿಗೂ ನಂಟಿರುತ್ತಿತ್ತು. ಟೆಸ್ಟರ್ ಇಟ್ಟು ನೋಡಿ, ದೀಪ ಹೊತ್ತಿದರೆ ಪ್ಲಗ್ಗು ತಿರುಗಿಸು ಎನ್ನುವುದು ಹಳಬರ ಉಪಾಯ. ಮುಂದೆ ನಾಲ್ಕು ಡಯೋಡಿನ ಬ್ರಿಡ್ಜ್ ಬಂದ ಮೇಲೆ ಎತ್ತ ತಿರುಗಿಸಿದರೂ ಪವರ್ ಸಪ್ಲೈ ಭಾಗದ ಚಾಸಿ ಜೀವಂತವೇ. ಅದಕ್ಕೆ ಸರಿಯಾದ ಮದ್ದು ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಒಂದೇ. ಚಿಕ್ಕಪ್ಪ ಅದನ್ನು ಬೆಂಗಳೂರಿನಿಂದ ತರಿಸಿ ಅಂಗಡಿಯ ಮೂಲೆಯಲ್ಲಿ ಇಟ್ಟಾಗ ಚಿಕ್ಕಮ್ಮ, “ಈ ದುಡ್ಡಿಗೆ ಒಂದು ಬಳೆ ಬರ್ತಿತ್ತು” ಎಂದಿದ್ದರು. ಬಳೆ ಹಾಕುವ ಕೈ ಇರಬೇಕಾದರೆ ಗಂಡ ಇರಬೇಕಲ್ಲ ಎಂಬ ಹಳೇ ಕಾಲದ ತರ್ಕ ಹೂಡಿ ಚಿಕ್ಕಪ್ಪ ಪಾರಾದರು.

ಇಷ್ಟೆಲ್ಲ ಪ್ಲಗ್ಗು ಹಾಕಿದಾಗಿನ ಕತೆ. ಟ್ಯೂಬ್ ಟಿವಿಯ ವಿಶೇಷವೆಂದರೆ ಪ್ಲಗ್ಗು ಕಿತ್ತ ಮೇಲೂ ಅದು ತಣ್ಣಗಾಗುವುದಿಲ್ಲ. “ನೀನು ಆಫ್ ಮಾಡಿದ್ದು ಸ್ವಿಚ್ಚನ್ನು ಮಾರಾಯ, ಟಿವಿಯನ್ನಲ್ಲ” ಎಂದು ಚಿಕ್ಕಪ್ಪ ಎಷ್ಟು ಜನಕ್ಕೆ ಹೇಳಿದ್ದಾರೋ. ಪಿಕ್ಚರ್ ಟ್ಯೂಬಿನ ಹೊಟ್ಟೆಗೆ ಒಳಗೂ ಹೊರಗೂ ಕಪ್ಪು ಗ್ರಾಫೈಟ್ ಬಳಿದಿರುತ್ತಾರೆ, ನಡುವೆ ಗಾಜು. ಹೀಗೆ ಎರಡು ವಾಹಕಗಳ ನಡುವೆ ಗಾಜು ಬಂದರೆ ಅದೊಂದು ಕಂಡೆನ್ಸರ್. ಇದನ್ನು ಮನುಷ್ಯ ಮೊದಲು ಕಂಡುಕೊಂಡದ್ದೇ ಹೊಡೆತ ತಿಂದು. 1746ರಲ್ಲಿ ಹಾಲೆಂಡಿನ ಲೈಡನ್ ಊರಿನ ಪ್ರೊಫೆಸರ್ ಮುಸ್ಶೆನ್‌ಬ್ರೂಕ್ ನೀರು ತುಂಬಿದ ಗಾಜಿನ ಜಾಡಿಯಿಂದ ಅಂಥದೊಂದು ಶಾಕ್ ತಿಂದು, ಫ್ರಾನ್ಸ್ ದೇಶವನ್ನೇ ಬರೆದುಕೊಟ್ಟರೂ ಇನ್ನೊಮ್ಮೆ ಬೇಡ ಎಂಬ ಅರ್ಥದ ಕಾಗದ ಬರೆದರು. ಆ ಕಾಗದ ಹೋದದ್ದು ಫ್ರಾನ್ಸಿಗೇ. ಅಲ್ಲಿ ನೊಲೆ ಎಂಬ ಪಾದ್ರಿ ರಾಜನ ಮುಂದೆ 180 ಸೈನಿಕರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಎಗರುವುದನ್ನು ತೋರಿಸಿದರು. ಶಾಕ್ ಹೊಡೆಸಿಕೊಂಡವನು ಬೇಡ ಅಂದದ್ದನ್ನು ನೋಡಿದವನು ಆಟ ಮಾಡಿದ.

ಟಿವಿಯಲ್ಲಿ ಆ ಜಾಡಿಗೆ ತುಂಬುವುದು ಕಪ್ಪು-ಬಿಳುಪಾದರೆ ಹನ್ನೆರಡು-ಹದಿನೈದು ಸಾವಿರ ವೋಲ್ಟು, ಕಲರಾದರೆ ಇಪ್ಪತ್ತು-ಇಪ್ಪತ್ತೈದು ಸಾವಿರ. ಇಎಚ್‌ಟಿ ಎಂಬ ಸುರುಳಿ ಅದನ್ನು ಹುಟ್ಟಿಸಿ, ದಪ್ಪ ಕೆಂಪು ವೈರಿನಲ್ಲಿ ತಂದು, ರಬ್ಬರ್ ಟೋಪಿಯ ಅಡಿಯಲ್ಲಿ ಟ್ಯೂಬಿಗೆ ಒಪ್ಪಿಸುತ್ತದೆ. ಇದು ಕೆಲಸ ಮಾಡುವಾಗ ಸೆಕೆಂಡಿಗೆ 15,625 ಸಲದ ಸಣ್ಣ ಕೀರಲು ದನಿ ಬರುತ್ತದೆ. ವಯಸ್ಸಾದವರ ಕಿವಿಗೆ ಅದು ಕೇಳಿಸುವುದಿಲ್ಲ. ಅಂಗಡಿಯಲ್ಲಿ ಅದನ್ನು ಕೇಳಿಸಿಕೊಳ್ಳುವುದೇ ಹುಡುಗನಾಗಿದ್ದ ನನ್ನ ಉದ್ಯೋಗ. “ಕೂಗ್ತಾ ಇದೆಯಾ?” ಎಂದು ಚಿಕ್ಕಪ್ಪ ಕೇಳಬೇಕು, ನಾನು ಹೂಂ ಅನ್ನಬೇಕು. ಕೂಗುತ್ತಿದ್ದರೆ ಒಳಗೆ ಸಾವಿರಾರು ವೋಲ್ಟು ಹುಟ್ಟುತ್ತಿದೆ ಎಂದರ್ಥ. ಇದಕ್ಕೆ ಸಂಬಳವಾಗಿ ಬೇಕರಿಯ ಬನ್ನು.

ಆ ಚಾರ್ಜನ್ನು ಇಳಿಸುವುದು ಒಂದು ಕಲೆ. ಮಾರುದ್ದದ ವೈರಿನ ಒಂದು ತುದಿಯನ್ನು ಟ್ಯೂಬಿನ ಹೊರಮೈಯ ಗ್ರಾಫೈಟಿಗೆ ಒತ್ತಿಕೊಂಡಿರುವ ತಾಮ್ರದ ಜಡೆಗೆ ಮೊದಲು ಭದ್ರವಾಗಿ ಕಟ್ಟಬೇಕು. ಬೋರ್ಡಿನ ಎಲ್ಲೋ ಒಂದು ಮೂಲೆಗೆ ಕಟ್ಟಿದರೆ ಅಲ್ಲಿನ ಐಸಿಗಳು ಶಿವನ ಪಾದ ಸೇರುತ್ತವೆ. ಇನ್ನೊಂದು ತುದಿ ಉದ್ದ ಹಿಡಿಯ ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ. ಆಮೇಲೆ ಒಂದೇ ಕೈಯಲ್ಲಿ ಅದರ ಮೂತಿಯನ್ನು ರಬ್ಬರ್ ಟೋಪಿಯೊಳಗೆ ಮೆಲ್ಲಗೆ ತೂರಿಸಬೇಕು. ಟಪ್! ಅಷ್ಟಕ್ಕೇ ಮುಗಿಯಿತೆಂದು ಕೈ ಹಾಕುವವನು ಎಳಸು. ಗಾಜು ಎಲ್ಲವನ್ನೂ ಒಮ್ಮೆಗೇ ಬಿಟ್ಟುಕೊಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಒಳಗೆ ಅವಿತಿದ್ದ ಚಾರ್ಜು ಮತ್ತೆ ಮೇಲೆ ಬರುತ್ತದೆ. ಹಾಗಾಗಿ ಒಂದೆರಡು ನಿಮಿಷ ಕಾದು ಮತ್ತೊಮ್ಮೆ, ಇನ್ನೂ ಅನುಮಾನವಿದ್ದರೆ ಮಗದೊಮ್ಮೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಟಿವಿ ಬಿಚ್ಚುವವರೆಲ್ಲ ಹೆದರುವುದು ಈ ರಬ್ಬರ್ ಟೋಪಿಗೆ. ಸಾವಿರದ ಲೆಕ್ಕ, ಟಪ್ ಎಂಬ ಸದ್ದು, ನೀಲಿ ಕಿಡಿ, ಹೆದರಲು ಬೇಕಾದ ಸರಂಜಾಮೆಲ್ಲ ಅದರಲ್ಲಿದೆ. ಆದರೆ ಲೆಕ್ಕ ಹಾಕಿ ನೋಡಿ. ಹದಿನೈದು ಸಾವಿರ ವೋಲ್ಟಿದ್ದರೂ ಕಪ್ಪು-ಬಿಳುಪು ಟ್ಯೂಬಿನಲ್ಲಿ ಕೂತಿರುವ ಶಕ್ತಿ ಒಂದು ಜೂಲಿನ ಐದನೇ ಒಂದು ಭಾಗದಷ್ಟು. ಕಲರಿನಲ್ಲಿ ಅರ್ಧ ಜೂಲಿನ ಆಸುಪಾಸು. ಅದೇ ಬೋರ್ಡಿನ ಮೂಲೆಯಲ್ಲಿ, ಮೇನ್ಸ್ ಒಳಬರುವ ಕಡೆ, ಹೆಬ್ಬೆರಳು ಗಾತ್ರದ ಫಿಲ್ಟರ್ ಕಂಡೆನ್ಸರ್ ಒಂದು ಸುಮ್ಮನೆ ನಿಂತಿರುತ್ತದೆ. ಅದರಲ್ಲಿ ಇರುವುದು ಬರೇ 320 ವೋಲ್ಟು. ಆದರೆ 220 ಮೈಕ್ರೋಫ್ಯಾರಡಿನದಾದರೆ ಹನ್ನೊಂದು ಜೂಲು! ಟೋಪಿಯದರ ಇಪ್ಪತ್ತು ಪಟ್ಟು, ಐವತ್ತು ಪಟ್ಟು. ಅದು ಕೂಗುವುದಿಲ್ಲ, ರೋಮ ನಿಲ್ಲಿಸುವುದಿಲ್ಲ. ಕೆಟ್ಟ ಸೆಟ್ಟಿನಲ್ಲಂತೂ ಚಾರ್ಜು ಖಾಲಿಯಾಗಲು ದಾರಿಯೇ ಇಲ್ಲದೆ ಗಂಟೆಗಟ್ಟಲೆ ತುಂಬಿಕೊಂಡೇ ನಿಂತಿರುತ್ತದೆ. ಸಾಬೀತಾದ ಕಳ್ಳನಿಗೆ ಕಾವಲು ಹಾಕಿ ಮ್ಯಾನೇಜರಿನ ಕೈಗೆ ಬೀಗದ ಕೈ ಕೊಡುವ ನಮ್ಮ ಜಾಯಮಾನ ಇಲ್ಲೂ ಕೆಲಸ ಮಾಡುತ್ತದೆ. ಚಿಕ್ಕಪ್ಪ ಈ ಕಂಡೆನ್ಸರನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವವರನ್ನು ಕಂಡರೆ ಉರಿದು ಬೀಳುತ್ತಿದ್ದರು. ಹೋಲ್ಡರಿಗೆ ನೂರು ವ್ಯಾಟಿನ ಬಲ್ಬು ಹಾಕಿ, ಅದರ ಎರಡು ವೈರನ್ನು ಕಂಡೆನ್ಸರಿನ ಕಾಲುಗಳಿಗೆ ಮುಟ್ಟಿಸಿದರೆ ಬಲ್ಬು ಒಮ್ಮೆ ಮಿನುಗಿ ಆರುತ್ತದೆ. ಆಮೇಲೆ ಮೀಟರ್ ಇಟ್ಟು ಸೊನ್ನೆ ಬಂತೇ ಎಂದು ನೋಡಬೇಕು. ಚಾರ್ಜು ಖಾಲಿಯಾದದ್ದಕ್ಕೆ ಬಲ್ಬನ್ನಲ್ಲ, ಮೀಟರನ್ನು ಸಾಕ್ಷಿ ಕರೆಯಬೇಕು.

ಹಾಗೆಂದು ಟೋಪಿ ಸಾಧುವೆಂದು ತಿಳಿಯಬಾರದು. ಅದರ ಹೊಡೆತ ಒಂದು, ಹೊಡೆತಕ್ಕೆ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಳ್ಳುವ ರಭಸ ಇನ್ನೊಂದು. ಮೊಣಕೈ ಹೋಗಿ ಬಡಿಯುವುದು ಎಲ್ಲಿಗೆಂದರೆ ಟ್ಯೂಬಿನ ಕತ್ತಿಗೆ. ಟ್ಯೂಬಿನೊಳಗೆ ಗಾಳಿಯಿಲ್ಲ, ಹೊರಗಿನ ಗಾಳಿ ಚದರ ಸೆಂಟಿಮೀಟರಿಗೆ ಒಂದು ಕಿಲೋದಂತೆ ಒತ್ತುತ್ತಿರುತ್ತದೆ. ಇಪ್ಪತ್ತು ಇಂಚಿನ ಪರದೆಯ ಮುಖದ ಮೇಲೇ ಸಾವಿರದ ಇನ್ನೂರು ಕಿಲೋಗೂ ಮಿಕ್ಕಿದ ಭಾರ. ಮುಖದ ಗಾಜು ದಪ್ಪ, ಸುತ್ತ ಉಕ್ಕಿನ ಪಟ್ಟಿ ಬಿಗಿದಿರುತ್ತದೆ, ತಡೆಯುತ್ತದೆ. ಕತ್ತು ತೆಳುವು. ಅಲ್ಲಿ ಒಡೆದರೆ ಹೆಚ್ಚಿನ ಸಲ ಉಸ್ಸೆಂದು ಗಾಳಿ ನುಗ್ಗಿ ಟ್ಯೂಬು ತೀರಿಕೊಳ್ಳುತ್ತದೆ. ಹೊಟ್ಟೆ ಒಡೆದರೆ ಗಾಜು ಒಳಕ್ಕೆ ಕುಸಿದು, ಎದುರು ಗೋಡೆಯವರೆಗೆ ಹಾರುತ್ತದೆ. ಅದಕ್ಕೇ ಟ್ಯೂಬನ್ನು ಎತ್ತುವಾಗ ಕತ್ತು ಹಿಡಿಯಬಾರದು, ಪರದೆಯನ್ನು ಎದೆಗೆ ಅವಚಿಕೊಂಡು ಎರಡು ಕೈಯಲ್ಲಿ ಅಂಚು ಹಿಡಿಯಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಲೂನಾದ ಹಿಂದಿನ ಸೀಟಿನಲ್ಲಿ ಟಿವಿಯನ್ನು ಬೆಡ್‌ಶೀಟು ಹೊದಿಸಿ ಅಪ್ಪಿಕೊಂಡು ಹೋಗುತ್ತಿದ್ದವರನ್ನು ಕಂಡು ಜನ ನಗುತ್ತಿದ್ದರು. ನನಗೆ ಮಾತ್ರ ಅವರು ಸರಿಯಾಗಿಯೇ ಹಿಡಿದಿದ್ದಾರೆ ಎನಿಸುತ್ತಿತ್ತು. ಸತ್ತ ಟ್ಯೂಬನ್ನು ಗುಜರಿಯವರು ಕಲ್ಲಿನಿಂದ ಕುಟ್ಟುವುದನ್ನು ನೋಡಿದ್ದೇನೆ. ಕಲರ್ ಟ್ಯೂಬಿನ ಹೊಟ್ಟೆಯ ಗಾಜಿನಲ್ಲಿ ಸೀಸ ಇದೆ, ಪರದೆಯ ಒಳಗೆ ಬೆಳಗುವ ಪುಡಿ ಇದೆ. ಇ-ತ್ಯಾಜ್ಯದ ನಿಯಮಗಳು 2012ರಲ್ಲಿ ಜಾರಿಗೆ ಬಂದವು, ಕಲ್ಲು ಅದಕ್ಕಿಂತ ಮೊದಲೇ ಜಾರಿಯಲ್ಲಿತ್ತು.

ನಮ್ಮ ಕಡೆಗೆ ಮಾತ್ರ ಸಲ್ಲುವ ನಿಯಮಗಳೂ ಕೆಲವಿದ್ದವು. ಕರೆಂಟು ಹೋಗಿದೆ ಎಂದು ಸೆಟ್ಟಿನೊಳಗೆ ಕೈ ಹಾಕಬಾರದು. ಹೋಗುವಾಗ ಹೇಳದೆ ಹೋದದ್ದು ಬರುವಾಗ ಹೇಳಿ ಬರುತ್ತದೆಯೇ? ಚಿಕ್ಕಪ್ಪ ಪ್ಲಗ್ಗು ಕಿತ್ತು, ವೈರು ಸುತ್ತಿ, ಪ್ಲಗ್ಗನ್ನು ಕಣ್ಣೆದುರಿಗೇ ಇಟ್ಟುಕೊಳ್ಳುತ್ತಿದ್ದರು. ಒಬ್ಬರೇ ಇದ್ದಾಗ ಚಾಲೂ ಸೆಟ್ಟು ಮುಟ್ಟುತ್ತಿರಲಿಲ್ಲ. ಮೇನ್ ಸ್ವಿಚ್ ಎಲ್ಲಿದೆಯೆಂದು ಬಲ್ಲವರೊಬ್ಬರು ಹತ್ತಿರ ಇರಬೇಕು, ಅವರ ಕೈಯಲ್ಲಿ ಒಣ ಮರದ ಏನಾದರೂ ಇರಬೇಕು. ಶಾಕ್ ಹೊಡೆದವನನ್ನು ಬರಿಗೈಯಲ್ಲಿ ಎಳೆದರೆ ಇಬ್ಬರೂ ಜೋಡಿ. 1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದ ಮೇಲಂತೂ ಶನಿವಾರ ಸಂಜೆಯೆಂದರೆ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಭಾನುವಾರ ಬೆಳಿಗ್ಗೆಯೊಳಗೆ ರಾಮ ಬರಲೇಬೇಕು. ಒಂದು ಮನೆಯಲ್ಲಿ ಕೇರಿಯೇ ಬಂದು ಟಿವಿಯ ಹಿಂದೆ ನಿಂತಿತು. ಚಿಕ್ಕಪ್ಪ ಎಲ್ಲರನ್ನೂ ಆಚೆ ಕಳಿಸಿ, ಮನೆಯ ಯಜಮಾನರ ಕೈಗೆ ಒನಕೆ ಕೊಟ್ಟು ಬೆನ್ನ ಹಿಂದೆ ನಿಲ್ಲಿಸಿಕೊಂಡರು. ಕಿಟಕಿಯಿಂದ ಇಣುಕಿದವರು ರಿಪೇರಿ ಚಾರ್ಜಿನ ವಿಷಯದಲ್ಲಿ ಮಾತು ಬೆಳೆದಿದೆ ಎಂದುಕೊಂಡರಂತೆ. ಆ ಸೆಟ್ಟಿನ ತೊಂದರೆಗೆ ಕಾರಣ ಭಕ್ತಿ. ಪ್ರತಿ ವಾರ ಟಿವಿಗೆ ಹಾಕಿದ ಹಾರದಿಂದ ನೀರು ಇಳಿದು, ಕನಕಾಂಬರದ ಎಸಳು ಉದುರಿ, ಇಎಚ್‌ಟಿಯ ಮೇಲೆ ಕೂತಿತ್ತು. ಮಳೆಗಾಲದ ಥಂಡಿಯಲ್ಲಿ ಅದು ಸುರ್ ಸುರ್ ಎಂದು ನೀಲಿಯಾಗಿ ಉರಿಯುತ್ತಿತ್ತು.

ಟಿವಿಯ ಹತ್ತಿರ ಕೂತರೆ ಕಣ್ಣು ಹೋಗುತ್ತದೆ ಎಂದು ಎಲ್ಲರ ಅಜ್ಜಿಯಂತೆ ನಮ್ಮಜ್ಜಿಯೂ ಹೇಳುತ್ತಿದ್ದರು. ಕಣ್ಣಿನ ವಿಷಯ ಹಾಗಿರಲಿ, ಟಿವಿಯಿಂದ ಎಕ್ಸ್‌ರೇ ಹೊರಬರುತ್ತದೆ ಎಂಬ ಮಾತು ಪೂರ್ತಿ ಕಟ್ಟುಕತೆಯಲ್ಲ. 1967ರಲ್ಲಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ಕಲರ್ ಟಿವಿಗಳಿಂದ ಮಿತಿ ಮೀರಿ ಎಕ್ಸ್‌ರೇ ಸೋರುತ್ತಿತ್ತೆಂದು ಗೊತ್ತಾಗಿ, ಮರುವರ್ಷ ಅದಕ್ಕೊಂದು ಕಾಯಿದೆಯೇ ಬಂತು. ಒಳ್ಳೆಯ ಸೆಟ್ಟಿನಲ್ಲಿ ಗಾಜೇ ಅದನ್ನು ತಡೆಯುತ್ತದೆ. ಚಿತ್ರ ಮಂಕಾಯಿತೆಂದು ವೋಲ್ಟೇಜನ್ನು ಮಿತಿಗಿಂತ ಏರಿಸಿಕೊಡುವ ರಿಪೇರಿಯವರಿದ್ದರಲ್ಲ, ಅವರಿಂದ ದೂರ ಇದ್ದರೆ ಸಾಕು.

ಈಗ ಯಾಕೆ ಇದೆಲ್ಲ ಎಂದರೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುವ ನನ್ನ ಸೋದರಳಿಯ ಗುಜರಿಯಿಂದ ಇಪ್ಪತ್ತೊಂದು ಇಂಚಿನ ಕಲರ್ ಟಿವಿ ತಂದಿದ್ದಾನೆ. ಅವನಿಗೆ ಚಿಕ್ಕಂದಿನ ಪಿಸ್ತೂಲಿನ ವಿಡಿಯೊ ಗೇಮ್ ಆಡಬೇಕು. ಪರದೆಯ ಮೇಲೆ ಬೆಳಕಿನ ಗೆರೆ ಹಾದುಹೋಗುವ ಕ್ಷಣವನ್ನು ಆ ಪಿಸ್ತೂಲು ಹಿಡಿಯುತ್ತದೆ, ಹಾಗಾಗಿ ಟ್ಯೂಬ್ ಟಿವಿಯಲ್ಲದೆ ಬೇರೆಯದರಲ್ಲಿ ಗುರಿಯೇ ನಿಲ್ಲದು. “ವಾರದಿಂದ ಪ್ಲಗ್ಗೇ ಹಾಕಿಲ್ಲ ಮಾವ, ಬಿಚ್ಚಬಹುದಲ್ಲ?” ಎಂದ. ನಾನು ಹಳ್ಳಿಯಲ್ಲಿರುವ ಚಿಕ್ಕಪ್ಪನಿಗೆ ವಿಡಿಯೊ ಕಾಲ್ ಹಚ್ಚಿದೆ. ಎಪ್ಪತ್ತು ದಾಟಿದ ಅವರು ಟಿವಿಯ ಯಾವ ಭಾಗವನ್ನೂ ನೋಡಲು ಒಪ್ಪಲಿಲ್ಲ. “ಮೊದಲು ಅವನ ಎಡಗೈ ತೋರಿಸು” ಎಂದರು. ಎಡಗೈಯಲ್ಲಿ ಸ್ಮಾರ್ಟ್ ವಾಚು. ಬಿಚ್ಚಿಸಿದರು. ಜೇಬಿಗೆ ಹಾಕು ಎಂದರು. “ಜೇಬಲ್ಲಿ ಮೊಬೈಲಿದೆ ತಾತ.” ಅದನ್ನೂ ತೆಗೆಸಿದರು. ಮಣೆ ಅವನ ಫ್ಲ್ಯಾಟಿನಲ್ಲಿ ಇರಲಿಲ್ಲ. ದಪ್ಪ ರಬ್ಬರಿನ ಯೋಗದ ಚಾಪೆಗೆ ಚಿಕ್ಕಪ್ಪ ಅರೆಮನಸ್ಸಿನಿಂದ ಒಪ್ಪಿದರು. ಟೋಪಿಯಡಿ ಸ್ಕ್ರೂಡ್ರೈವರ್ ಹೋದಾಗ ಟಪ್ ಎಂದಿತು, ವಾರದ ಮೇಲೂ. ಹುಡುಗ ಚಾಪೆಯ ಮೇಲೆ ಒಂದು ಆಸನ ಹಾಕಿದ.

ಇಎಚ್‌ಟಿ ಸೀಳಿತ್ತು. ಇನ್ನೊಂದನ್ನು ಹುಡುಕಿಕೊಂಡು ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆವು. ಮೂರ್ನಾಲ್ಕು ಅಂಗಡಿಯವರು ನಕ್ಕು ಕಳಿಸಿದ ಮೇಲೆ, ಮೆಟ್ಟಿಲ ಕೆಳಗಿನ ಒಂದು ಅಂಗಡಿಯವ, “ಶೂಟಿಂಗಿಗಾ ಸಾರ್?” ಎಂದು ಕೇಳಿದ. ಹಳೇ ಕಾಲದ ಸೀನಿಗೆ ಸಿನಿಮಾದವರು ಆಗಾಗ ಬರುತ್ತಾರಂತೆ. “ಇದೆಲ್ಲ ಯಾಕೆ, ಒಳಗಿಂದೆಲ್ಲ ಕಿತ್ತಾಕಿ ಹಿಂದೆ ಒಂದು ಎಲ್‌ಇಡಿ ಇಟ್ಬಿಡಿ, ಮಿಣಿ ಮಿಣಿ ಅಂದ್ರೆ ಕ್ಯಾಮೆರಾಗೆ ಸಾಕು.” ಗೇಮಿಗೆ ಎಂದು ತಿಳಿದ ಮೇಲೆ ಅವನು ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ಅಟ್ಟ ಹತ್ತಿ, ಧೂಳು ಊದಿ ಒಂದು ಇಎಚ್‌ಟಿ ಇಳಿಸಿದ.

“ಗ್ಯಾರಂಟಿ ಇಲ್ಲ.”

“ಇದಕ್ಕೋ, ನನಗೋ?” ಎಂದು ಅಳಿಯ ಕೇಳಿದ.

ಅವನು ಪೇಪರು ಸುತ್ತುತ್ತಾ ತಲೆಯೆತ್ತದೆ ಹೇಳಿದ, “ಎರಡಕ್ಕೂ ಬಿಲ್ ಕೊಡಲ್ಲ ಸಾರ್.”